ಯೇಸು ಸ್ವಾಮಿ ಮುಟ್ಟಿದರು, ಪರೀಕ್ಷೆಗೂ ಕಳುಹಿಸಿದರು

ಯೌವನಸ್ಥರ ಕೂಟದ ಸಂದೇಶ. ವಾಕ್ಯಭಾಗ: ಮಾರ್ಕ 1:40–45

ಇಲ್ಲಿ ಹೊಸಪೇಟೆಯಲ್ಲಿ ಕೂಡಿಬಂದವರಿಗೂ, ಕಂಪ್ಲಿ, ಸಂಡೂರು, ಹಂಪಿ ಕಡೆಯಿಂದ ಬಸ್ಸು ಹತ್ತಿ ಬಂದವರಿಗೂ, ಬೆಂಗಳೂರಿನ ಪೀಜಿಯಲ್ಲಿ ಕೂತು ಮೊಬೈಲಿನಲ್ಲಿ ಇದನ್ನು ಓದುವ ತಮ್ಮ ತಂಗಿಯರಿಗೂ ದೇವರ ಸಮಾಧಾನ ಇರಲಿ.

ನಿಮ್ಮ ಸತ್ಯವೇದ ತೆಗೆಯಿರಿ. ಮಾರ್ಕನ ಸುವಾರ್ತೆ, ಒಂದನೇ ಅಧ್ಯಾಯ, 40ನೇ ವಚನದಿಂದ 45ರ ತನಕ. ಒಬ್ಬ ಕುಷ್ಠರೋಗಿ ಯೇಸು ಸ್ವಾಮಿಯ ಹತ್ತಿರ ಬಂದು ಮೊಣಕಾಲೂರುತ್ತಾನೆ. ಅವನಿಗೆ ಸ್ವಾಮಿಯ ಶಕ್ತಿಯ ಬಗ್ಗೆ ಸಂಶಯ ಇಲ್ಲ. ಮನಸ್ಸಿನ ಬಗ್ಗೆ ಸಂಶಯ. 'ನಿನ್ನಿಂದ ಆಗುತ್ತೆ ಅಂತ ಗೊತ್ತು, ನಿನಗೆ ಮನಸ್ಸಿದೆಯಾ?' ಅನ್ನೋದೇ ಅವನ ಪ್ರಶ್ನೆ. ನಮ್ಮ ಊರುಗಳಲ್ಲಿ ಎಚ್‌ಐವಿ ಇರುವ ಎಷ್ಟೋ ಮಂದಿ ಸಭೆಯ ಬಾಗಿಲ ಹೊರಗೆ ನಿಂತು ಇದೇ ಪ್ರಶ್ನೆ ಕೇಳ್ತಾ ಇದ್ದಾರೆ. ದೇವರಿಂದ ಆಗುತ್ತೆ ಅಂತ ಅವರಿಗೆ ಗೊತ್ತು. ದೇವಜನರಿಗೆ ಮನಸ್ಸಿದೆಯಾ ಅನ್ನೋದು ಗೊತ್ತಿಲ್ಲ.

'ಪಾಸ್ಟರ್, ಇದನ್ನೆಲ್ಲ ಸಭೆಯಲ್ಲಿ ಮಾತಾಡಬೇಕಾ?' ಅಂತ ಕೆಲವರು ನನ್ನನ್ನು ಕೇಳಿದ್ದಾರೆ. ಮಾತಾಡಲೇಬೇಕು. ತಿಳಿವಳಿಕೆ ಇಲ್ಲದೆ ತನ್ನ ಜನ ನಾಶವಾಗುತ್ತಾರೆ ಅಂತ ದೇವರು ಹೋಶೇಯನ ಬಾಯಿಂದ ದುಃಖಪಡುತ್ತಾನೆ. ಆ ದುಃಖದಲ್ಲಿ ಆತ ಮೊದಲು ದೂರಿದ್ದು ಯಾಜಕರನ್ನು, ಅಂದರೆ ಕಲಿಸಬೇಕಾದವರನ್ನು. ಸಭಾಪಾಲಕನಾದ ನಾನು ಸುಮ್ಮನಿದ್ದರೆ ಆ ದೂರು ನನ್ನ ತಲೆ ಮೇಲೆ.

ಇದು ನಮ್ಮ ಸೀಮೆಯ ವಿಷಯ

1986ನೇ ಇಸವಿ ನೆನಪಿಡಿ. ಹಂಪಿಯ ಸ್ಮಾರಕಗಳು ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ವರ್ಷ ಅದು. ಅದೇ ವರ್ಷ ಚೆನ್ನೈನಲ್ಲಿ ಡಾಕ್ಟರ್ ಸುನೀತಿ ಸಾಲೊಮನ್ ಮತ್ತು ಅವರ ಜೊತೆಯವರು ಭಾರತದ ಮೊದಲ ಎಚ್‌ಐವಿ ಪ್ರಕರಣಗಳನ್ನು ಪತ್ತೆ ಮಾಡಿದರು. ಆಗ ಬಹಳ ಜನ ಇದು ಎಲ್ಲೋ ದೂರದ ರೋಗ ಅಂದುಕೊಂಡರು.

ಆಮೇಲೆ ಏನಾಯ್ತು? ಸಂಡೂರಿನ ಗುಡ್ಡಗಳಿಂದ ಅದಿರು ಹೊತ್ತ ಲಾರಿಗಳು ಹಗಲು ರಾತ್ರಿ ಓಡಿದ ದಿನಗಳನ್ನು ನಿಮ್ಮ ಅಪ್ಪ ಅಮ್ಮನನ್ನು ಕೇಳಿ. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಗೆ ತಡೆ ಹಾಕುವ ತನಕ ಮನೆಗಳ ಮೇಲೆ, ಮರಗಳ ಮೇಲೆ ಕೆಂಪು ಧೂಳು. ಮನೆ ಬಿಟ್ಟು ತಿಂಗಳುಗಟ್ಟಲೆ ದಾರಿಯಲ್ಲೇ ಇರುವ ಡ್ರೈವರ್, ಕ್ಲೀನರ್, ಕೂಲಿ ಹುಡುಗರು. ಹೊಸಪೇಟೆ ಅಂದರೆ ಹೆದ್ದಾರಿ, ರೈಲು, ಲಾಡ್ಜ್. ಹಂಪಿ ಅಂದರೆ ಪ್ರವಾಸಿಗರು. ಕಂಪ್ಲಿ ಅಂದರೆ ತುಂಗಭದ್ರೆಯ ನೀರಿನಲ್ಲಿ ಬೆಳೆಯುವ ಭತ್ತ, ಕಬ್ಬು, ಆ ಹೊಲಗಳ ಕೂಲಿ. ದುಡಿಮೆಗಾಗಿ ಜನ ಮನೆಯಿಂದ ದೂರ ಇರುವ ಕಡೆ, ಒಂಟಿತನ ಮತ್ತು ಕೈಯಲ್ಲಿ ಒಂದಿಷ್ಟು ದುಡ್ಡು ಎರಡೂ ಕೂಡಿದ ಕಡೆ, ಈ ವೈರಸ್ಸಿಗೆ ದಾರಿ ಸಲೀಸು.

ಇನ್ನೊಂದು ಸತ್ಯ. ನಮ್ಮ ಸೀಮೆಯಲ್ಲಿ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟುವ ಪದ್ಧತಿ ಇತ್ತು. ದೇವದಾಸಿಯಾಗಿ ಬಿಡುವುದನ್ನು ನಿಷೇಧಿಸುವ ಕಾಯ್ದೆಯನ್ನು ಕರ್ನಾಟಕ 1982ರಲ್ಲೇ ಮಾಡಿತು. ಆದರೂ ಆ ತಾಯಂದಿರ ಕಣ್ಣೀರು ಒಂದೇ ದಿನಕ್ಕೆ ಒಣಗಲಿಲ್ಲ. ಎಚ್‌ಐವಿ ಬಂದಾಗ ಊರವರು ಬೆರಳು ತೋರಿಸಿದ್ದು ಅವರ ಕಡೆಗೇ. ಅವರ ಬಾಗಿಲಿಗೆ ಹೋದ ಗಂಡಸರ ಕಡೆಗೆ ಯಾರೂ ಬೆರಳು ತೋರಿಸಲಿಲ್ಲ.

2003ರಲ್ಲಿ ಆವಾಹನ್ ಎಂಬ ದೊಡ್ಡ ಎಚ್‌ಐವಿ ತಡೆ ಕಾರ್ಯಕ್ರಮ ದೇಶದ ಕೆಲವು ರಾಜ್ಯಗಳಲ್ಲಿ ಶುರುವಾಯಿತು. ನಮ್ಮ ಬಳ್ಳಾರಿ ಜಿಲ್ಲೆಯೂ ಅದರಲ್ಲಿತ್ತು. ಹೊಸಪೇಟೆ ಆಗ ಬಳ್ಳಾರಿಗೇ ಸೇರಿತ್ತು, ವಿಜಯನಗರ ಜಿಲ್ಲೆ ಆಗಿದ್ದು 2021ರಲ್ಲಿ. ಆ ಕಾರ್ಯಕ್ರಮದಲ್ಲಿ ಮನೆಮನೆ, ಬೀದಿಬೀದಿ ಸುತ್ತಿ ಜೊತೆಯವರಿಗೆ ತಿಳಿಸಿ ಹೇಳಿದವರು ಯಾರು ಗೊತ್ತಾ? ಸಮಾಜ ಮೂಗು ಮುರಿಯುತ್ತಿದ್ದ, ಲೈಂಗಿಕ ವೃತ್ತಿಯಲ್ಲಿದ್ದ ಹೆಣ್ಣುಮಕ್ಕಳೇ. ಯೆರಿಕೋ ಪಟ್ಟಣದ ರಾಹಾಬಳು ತನ್ನೊಬ್ಬಳ ಪ್ರಾಣ ಕೇಳಲಿಲ್ಲ. ತಂದೆ, ತಾಯಿ, ಅಣ್ಣತಮ್ಮ, ಅಕ್ಕತಂಗಿ ಎಲ್ಲರ ಪ್ರಾಣ ಕೇಳಿದಳು. ದೇವರು ಅವಳ ಹೆಸರನ್ನು ಯೇಸು ಸ್ವಾಮಿಯ ವಂಶಾವಳಿಯಲ್ಲೇ ಬರೆಸಿದನು. ಅವರು ಬೀದಿಯಲ್ಲಿ ಮಾಡಿದ ಕೆಲಸವನ್ನು ನಾವು ಸಭೆಯೊಳಗೆ ಮಾಡೋಕೆ ನಾಚಿಕೆಪಡಬೇಕಾ ಪ್ರಿಯರೇ?

ಈಗ ವಾಕ್ಯಕ್ಕೆ ಬರೋಣ. ಯೇಸು ಸ್ವಾಮಿ ಆ ಮನುಷ್ಯನಿಗೆ ಮೂರು ಕೆಲಸ ಮಾಡಿದರು.

ಒಂದು: ಮುಟ್ಟಿದರು

ಒಂದು ಮಾತು ಹೇಳಿದ್ದರೆ ಸಾಕಿತ್ತು, ವಾಸಿಯಾಗುತ್ತಿತ್ತು. ಶತಾಧಿಪತಿಯ ಆಳನ್ನು ದೂರದಿಂದಲೇ ಗುಣಪಡಿಸಿದ ಕರ್ತನು ಅವರು. ಆದರೆ ಇವನ ವಿಷಯದಲ್ಲಿ ಕೈ ಚಾಚಿ ಮುಟ್ಟಿದರು. ಗಮನಿಸಿ, ಮುಟ್ಟಿದ್ದು ವಾಸಿಯಾದ ಮೇಲೆ ಅಲ್ಲ. ವಾಸಿಯಾಗುವುದಕ್ಕಿಂತ ಮುಂಚೆ. ಎಷ್ಟು ವರ್ಷದಿಂದ ಅವನನ್ನು ಯಾರೂ ಮುಟ್ಟಿರಲಿಲ್ಲವೋ! ಅವನ ಚರ್ಮಕ್ಕೆ ಔಷಧಿ ಸಿಗುವ ಮುಂಚೆ ಅವನ ಮನಸ್ಸಿಗೆ ಔಷಧಿ ಸಿಕ್ಕಿತು. ಆಮೆನ್?

ಹಾಗಾದರೆ ನಾವು ಯಾಕೆ ಹೆದರುತ್ತೇವೆ? ಗೊತ್ತಿಲ್ಲದ್ದಕ್ಕೆ. ಸರಿಯಾಗಿ ಕೇಳಿಸಿಕೊಳ್ಳಿ. ಎಚ್‌ಐವಿ ಹರಡುವ ದಾರಿಗಳು ನಾಲ್ಕು. ಸೋಂಕಿರುವವರ ಜೊತೆ ಸುರಕ್ಷತೆಯಿಲ್ಲದ ದೈಹಿಕ ಸಂಬಂಧ. ಸೋಂಕಿರುವ ರಕ್ತ. ಒಬ್ಬರಿಗೆ ಬಳಸಿದ ಸೂಜಿ, ಸಿರಿಂಜ್ ಇನ್ನೊಬ್ಬರಿಗೆ ಬಳಸುವುದು. ತಾಯಿಯಿಂದ ಮಗುವಿಗೆ, ಬಸುರಿಯಲ್ಲಿ, ಹೆರಿಗೆಯಲ್ಲಿ ಅಥವಾ ಎದೆಹಾಲಿನಲ್ಲಿ. ಜಾತ್ರೆಯಲ್ಲಿ ಹಚ್ಚೆ ಹಾಕಿಸುವವರು ಹೊಸ ಸೂಜಿ ಕೇಳಿ ಪಡೆಯಬೇಕು ಅನ್ನೋದು ಇದಕ್ಕೇ.

ಹರಡದೇ ಇರುವುದನ್ನೂ ಹೇಳ್ತೀನಿ, ಇದು ಸಭೆಗೆ ಬೇಕಾದ ಮಾತು. ಕೈ ಕುಲುಕಿದರೆ ಬರಲ್ಲ. ತಲೆ ಮೇಲೆ ಕೈಯಿಟ್ಟು ಪ್ರಾರ್ಥಿಸಿದರೆ ಬರಲ್ಲ. ಪ್ರೀತಿಭೋಜನದಲ್ಲಿ ಒಂದೇ ಸಾಲಿನಲ್ಲಿ ಕೂತು ಉಂಡರೆ ಬರಲ್ಲ. ಕರ್ತನ ಮೇಜಿನ ಒಂದೇ ಪಾತ್ರೆಯಿಂದ ಕುಡಿದರೆ ಬರಲ್ಲ. ಒಂದೇ ನೀರಿನಲ್ಲಿ ದೀಕ್ಷಾಸ್ನಾನ ತಗೊಂಡರೆ ಬರಲ್ಲ. ಪಾದ ತೊಳೆದರೆ ಬರಲ್ಲ. ಸೊಳ್ಳೆ ಕಚ್ಚಿದರೆ ಬರಲ್ಲ. ಒಬ್ಬ ಅಕ್ಕ ಸಭೆಯ ಊಟಕ್ಕೆ ತನ್ನ ತಟ್ಟೆ ತಾನೇ ಮನೆಯಿಂದ ತರುತ್ತಿದ್ದಾಳೆ ಅಂದರೆ, ಅದು ಅವಳ ನಮ್ರತೆ ಅಂದುಕೊಳ್ಳಬೇಡಿ. ಅದು ನಮ್ಮ ಮೇಲಿನ ದೂರು. ಆ ತಟ್ಟೆ ಒಳಗಿಡಿಸಿ, ನಮ್ಮ ತಟ್ಟೆಯಲ್ಲಿ ಬಡಿಸಿ, ಪಕ್ಕದಲ್ಲೇ ಕೂತು ಉಣ್ಣಿ.

ಎರಡು: ಯಾರಿಗೂ ಹೇಳಬೇಡ ಅಂದರು

ನಾವು ಸಾಕ್ಷಿ ಹೇಳುವ ಜನ. ಪೆಂತೆಕೊಸ್ತ ಸಭೆಯಲ್ಲಿ ಸಾಕ್ಷಿ ಇಲ್ಲದ ಆರಾಧನೆ ಇಲ್ಲ. ಆದರೆ ಇಲ್ಲಿ ಕರ್ತನೇ ಆ ಮನುಷ್ಯನಿಗೆ ಬಾಯಿ ಮುಚ್ಚಿಕೊಂಡಿರು ಅಂತ ಕಟ್ಟುನಿಟ್ಟಾಗಿ ಹೇಳ್ತಾರೆ. ಎಲ್ಲ ಸತ್ಯವೂ ಎಲ್ಲರ ಮುಂದೆ ಹೇಳುವಂಥದ್ದಲ್ಲ ಅಂತ ಇದರಿಂದ ನಾನು ಕಲಿಯುತ್ತೇನೆ. ಅವನು ಕೇಳಲಿಲ್ಲ. ಹೋದಲ್ಲೆಲ್ಲ ಸಾರಿದನು. ಕೊನೆಗೆ ಯೇಸು ಸ್ವಾಮಿಯೇ ಪಟ್ಟಣದೊಳಗೆ ಹೋಗಲಾರದೆ ಹೊರಗೆ, ಜನರಿಲ್ಲದ ಜಾಗದಲ್ಲಿ ಉಳಿಯಬೇಕಾಯ್ತು. ಹೊರಗಿದ್ದವನು ಒಳಗೆ ಬಂದ, ಒಳಗಿದ್ದ ಕರ್ತನು ಹೊರಗಾದರು. ಶಿಲುಬೆಯ ಅರ್ಥವೇ ಅದು. ಆದರೆ ಮಾತು ಹರಡಿದರೆ ಒಬ್ಬರು ಊರ ಹೊರಗಾಗಬೇಕಾಗುತ್ತೆ ಅನ್ನೋದನ್ನೂ ನೋಡಿ.

ಇವತ್ತು ಮಾತು ಹರಡೋದು ಹೇಗೆ? 'ಪ್ರಾರ್ಥನೆ ವಿನಂತಿ' ಅನ್ನೋ ಹೆಸರಿನಲ್ಲಿ. ವಾಟ್ಸಾಪ್ ಗ್ರೂಪಿಗೆ ಒಂದು ಮೆಸೇಜ್: 'ಇಂಥ ಅಣ್ಣನಿಗೆ ಎಚ್‌ಐವಿ ಅಂತೆ, ದಯವಿಟ್ಟು ಪ್ರಾರ್ಥಿಸಿ.' ಕೆಳಗೆ ಮೂವತ್ತು ಮಂದಿ ಕೈಮುಗಿದ ಚಿತ್ರ ಹಾಕ್ತಾರೆ. ಸಂಜೆಯೊಳಗೆ ಆ ಅಣ್ಣನ ಮನೆ ಮಾಲೀಕನಿಗೆ ಗೊತ್ತಾಗಿರುತ್ತೆ. ಅದು ಪ್ರಾರ್ಥನೆ ಅಲ್ಲ ಪ್ರಿಯರೇ, ಚಾಡಿ.

ದೇಶದ ಕಾನೂನೂ ಇದನ್ನೇ ಹೇಳುತ್ತೆ. ಎಚ್‌ಐವಿ ಮತ್ತು ಏಡ್ಸ್ ತಡೆ ಹಾಗೂ ನಿಯಂತ್ರಣ ಕಾಯ್ದೆ 2017ರದು, ಜಾರಿಗೆ ಬಂದಿದ್ದು 2018ರ ಸೆಪ್ಟೆಂಬರ್ 10ರಂದು. ಒಪ್ಪಿಗೆ ಇಲ್ಲದೆ ಪರೀಕ್ಷೆ ಮಾಡುವ ಹಾಗಿಲ್ಲ. ಒಬ್ಬರ ಸ್ಥಿತಿಯನ್ನು ಅವರ ಒಪ್ಪಿಗೆ ಇಲ್ಲದೆ ಬಯಲು ಮಾಡುವ ಹಾಗಿಲ್ಲ. ಎಚ್‌ಐವಿ ಇದೆ ಅಂತ ಕೆಲಸದಲ್ಲಿ, ಶಾಲೆಯಲ್ಲಿ, ಆಸ್ಪತ್ರೆಯಲ್ಲಿ, ಬಾಡಿಗೆ ಮನೆ ಕೊಡುವುದರಲ್ಲಿ ಭೇದ ಮಾಡುವ ಹಾಗಿಲ್ಲ. ಲೋಕದ ಕಾನೂನು ಕಾಪಾಡುವ ಗುಟ್ಟನ್ನು ಕೃಪೆಯ ಸಭೆ ಬಯಲು ಮಾಡಿದರೆ ಹೇಗೆ? ನನಗೆ ಹೇಳಿದ್ದು ನನ್ನ ಹೆಂಡತಿಗೂ ಹೋಗೋದಿಲ್ಲ. ಹಿರಿಯರ ಸಭೆಗೂ ಹೋಗೋದಿಲ್ಲ. ಇದನ್ನು ದೇವರ ಮುಂದೆ ಹೇಳ್ತಾ ಇದ್ದೀನಿ.

ಮೂರು: ಹೋಗಿ ಯಾಜಕನಿಗೆ ತೋರಿಸಿಕೋ ಅಂದರು

ಇದು ಈ ಸಂದೇಶದ ಹೃದಯ. ಇಷ್ಟು ಹೊತ್ತು ನಿದ್ದೆ ಬಂದವರೂ ಈಗ ಎಚ್ಚರವಾಗಿ.

ಯಾಜಕಕಾಂಡ 13ನೇ ಅಧ್ಯಾಯ ಓದಿ. ಯಾಜಕನ ಕೆಲಸ ವಾಸಿ ಮಾಡೋದಲ್ಲ, ಪರೀಕ್ಷೆ ಮಾಡೋದು. ಚರ್ಮ ನೋಡಬೇಕು. ಸಂಶಯ ಇದ್ದರೆ ಏಳು ದಿನ ಕಾಯಬೇಕು, ಮತ್ತೆ ನೋಡಬೇಕು. ಇನ್ನೂ ಏಳು ದಿನ ಕಾದು ಇನ್ನೊಮ್ಮೆ ನೋಡಬೇಕು. ಎಚ್‌ಐವಿ ಪರೀಕ್ಷೆಯೂ ಹಾಗೇ. ಸೋಂಕು ತಗುಲಿದ ಮಾರನೇ ದಿನ ರಕ್ತದಲ್ಲಿ ಕಾಣೋದಿಲ್ಲ. ಕೆಲವು ವಾರ ಬೇಕು. ಅದಕ್ಕೇ ಮೊದಲ ಸಲ ನೆಗೆಟಿವ್ ಬಂದರೂ ಸಮಾಲೋಚಕರು ಮೂರು ತಿಂಗಳ ಹೊತ್ತಿಗೆ ಮತ್ತೆ ಬರಲು ಹೇಳಬಹುದು. ಬೇಸರಪಡದೆ ಹೋಗಿ.

ಈಗ ಯೋಚಿಸಿ. ಯೇಸು ಸ್ವಾಮಿ ಗುಣಪಡಿಸಿದ ಮೇಲೂ ಪರೀಕ್ಷೆಗೆ ಕಳುಹಿಸಿದರು. ಯಾಕೆ? ನಿಜವಾದ ಸ್ವಸ್ಥತೆ ಪರೀಕ್ಷೆಗೆ ಹೆದರೋದಿಲ್ಲ. ಹೆದರೋದು ಸುಳ್ಳು ಮಾತ್ರ.

ನಾನು ದೈವಿಕ ಸ್ವಸ್ಥತೆಯನ್ನು ನಂಬುವವನು. ಎಣ್ಣೆ ಹಚ್ಚಿ ಪ್ರಾರ್ಥಿಸುವವನು. ಯಾಕೋಬನು ಬರೆದ ಹಾಗೆ ಹಿರಿಯರನ್ನು ಕರೆಸಿ, ನಾವು ಬರುತ್ತೇವೆ, ಮಧ್ಯರಾತ್ರಿಯಾದರೂ ಬರುತ್ತೇವೆ. ಆದರೆ 'ನಂಬಿಕೆ ಇದ್ದರೆ ಮಾತ್ರೆ ಬಿಡು' ಅಂತ ನಾನು ಯಾರಿಗೂ ಹೇಳೋದಿಲ್ಲ. ಯಾರಾದರೂ ಹೇಳಿದರೆ ಕೇಳಬೇಡಿ, ಅವರು ಎಷ್ಟು ದೊಡ್ಡ ಪ್ರಸಂಗಿಯಾದರೂ ಸರಿ. ಹಿಜ್ಕೀಯ ಅರಸನಿಗೆ ಮೂರನೇ ದಿನ ದೇವಾಲಯಕ್ಕೆ ಹೋಗುವಿ ಅಂತ ದೇವರೇ ಮಾತು ಕೊಟ್ಟರು. ಹಾಗಿದ್ದೂ ಯೆಶಾಯನು ಹುಣ್ಣಿನ ಮೇಲೆ ಅಂಜೂರದ ಪಟ್ಟು ಹಾಕಿಸಿದನು. ವಾಗ್ದಾನವೂ ಇತ್ತು, ಪಟ್ಟೂ ಇತ್ತು. ಒಂದಕ್ಕೊಂದು ಜಗಳ ಇರಲಿಲ್ಲ.

ವಿಷಯ ಸರಿಯಾಗಿ ತಿಳಿಯಿರಿ. ಎಆರ್‌ಟಿ ಅಂದರೆ ಎಚ್‌ಐವಿಯ ಔಷಧಿ. 2004ರ ಏಪ್ರಿಲ್‌ನಿಂದ ಸರ್ಕಾರ ಇದನ್ನು ಉಚಿತವಾಗಿ ಕೊಡುತ್ತಿದೆ. 2017ರಿಂದ, ಸೋಂಕು ಗೊತ್ತಾದ ಎಲ್ಲರಿಗೂ ಕಾಯಿಸದೆ ಚಿಕಿತ್ಸೆ ಶುರು ಮಾಡುವ ನಿಯಮ ಇದೆ. ಈಗ ಹೆಚ್ಚಿನವರಿಗೆ ದಿನಕ್ಕೆ ಒಂದೇ ಮಾತ್ರೆ. ತಪ್ಪದೆ ತಗೊಂಡರೆ ರಕ್ತದಲ್ಲಿ ವೈರಸ್ ಎಷ್ಟು ಕಡಿಮೆಯಾಗುತ್ತೆ ಅಂದರೆ, ವೈರಲ್ ಲೋಡ್ ಪರೀಕ್ಷೆಯಲ್ಲಿ 'ಪತ್ತೆಯಾಗಿಲ್ಲ' ಅಂತ ಬರುತ್ತೆ. ಆ ಸ್ಥಿತಿಯಲ್ಲೇ ಉಳಿದವರಿಂದ ದೈಹಿಕ ಸಂಬಂಧದ ಮೂಲಕ ಸಂಗಾತಿಗೆ ಸೋಂಕು ಹೋಗುವುದಿಲ್ಲ. ಅವರು ದುಡಿಯಬಹುದು, ಮದುವೆಯಾಗಬಹುದು, ಮೊಮ್ಮಕ್ಕಳನ್ನು ಎತ್ತಾಡಿಸುವಷ್ಟು ಕಾಲ ಬಾಳಬಹುದು. ಸ್ತೋತ್ರ!

ಆದರೆ ಎಡವುವುದು ಇಲ್ಲೇ. 'ಪತ್ತೆಯಾಗಿಲ್ಲ' ಅನ್ನೋ ಚೀಟಿ ಹಿಡಿದು ಒಬ್ಬರು ಸಂತೋಷದಿಂದ ಬಂದು 'ಪಾಸ್ಟರ್, ಎಚ್‌ಐವಿ ಹೋಯ್ತು, ಇನ್ನು ಮಾತ್ರೆ ಬೇಡ, ಸಾಕ್ಷಿ ಹೇಳ್ತೀನಿ' ಅಂತಾರೆ. ಇಲ್ಲ ನನ್ನಪ್ಪಾ, ಇಲ್ಲ ನನ್ನಮ್ಮಾ. ಮಾತ್ರೆ ಚೆನ್ನಾಗಿ ಕೆಲಸ ಮಾಡ್ತಾ ಇದೆ ಅಂತ ಆ ಚೀಟಿ ಹೇಳ್ತಾ ಇದೆ. ವೈರಸ್ ಮೈಯಲ್ಲಿ ಅಡಗಿ ಕೂತಿರುತ್ತೆ. ಮಾತ್ರೆ ನಿಲ್ಲಿಸಿದರೆ ಮತ್ತೆ ಏಳುತ್ತೆ. ಬಿಟ್ಟು ಬಿಟ್ಟು ತಗೊಂಡರೆ ಔಷಧಿಗೆ ಬಗ್ಗದ ಹಾಗೆ ಬಲಿಯಬಹುದು. ಸಾಕ್ಷಿ ಹೇಳಬೇಕೆಂದಿದ್ದರೆ ಹೀಗೆ ಹೇಳಿ: ದೇವರು ಇವತ್ತಿನ ತನಕ ಕಾಪಾಡಿದ, ಇವತ್ತೂ ಮಾತ್ರೆ ತಗೊಂಡು ಬಂದಿದ್ದೀನಿ. ಅದಕ್ಕೂ ಸಭೆ ಚಪ್ಪಾಳೆ ತಟ್ಟುತ್ತೆ, ನಾನು ಮೊದಲು ತಟ್ಟುತ್ತೇನೆ.

ಪರೀಕ್ಷೆ ಎಲ್ಲಿ? ಸರ್ಕಾರಿ ಆಸ್ಪತ್ರೆಯ ಐಸಿಟಿಸಿ ಕೇಂದ್ರದಲ್ಲಿ. ದುಡ್ಡಿಲ್ಲ, ಗುಟ್ಟು ಕಾಪಾಡುತ್ತಾರೆ, ಪರೀಕ್ಷೆಗೆ ಮುಂಚೆಯೂ ಆಮೇಲೂ ಸಮಾಲೋಚಕರು ಕೂತು ಮಾತಾಡುತ್ತಾರೆ. ಕೇಳೋಕೆ ಸಂಕೋಚ ಇದ್ದರೆ 1097ಕ್ಕೆ ಉಚಿತವಾಗಿ ಫೋನ್ ಮಾಡಿ. ಒಬ್ಬರೇ ಹೋಗೋಕೆ ಧೈರ್ಯ ಇಲ್ಲದಿದ್ದರೆ ನನಗೆ ಹೇಳಿ, ಹೊರಗಿನ ಬೆಂಚಿನ ಮೇಲೆ ನಾನು ಕೂತಿರ್ತೀನಿ. ಇಲ್ಲಿ ನರ್ಸಿಂಗ್ ಕೆಲಸದಲ್ಲಿರುವವರು ಬಹಳ ಮಂದಿ ಇದ್ದೀರಿ. ಸೂಜಿ ಚುಚ್ಚಿಕೊಂಡರೆ ಮುಚ್ಚಿಡಬೇಡಿ. 72 ಗಂಟೆಯೊಳಗೆ, ಎಷ್ಟು ಬೇಗ ಆಗುತ್ತೋ ಅಷ್ಟು ಬೇಗ ತಡೆ ಔಷಧಿ ಶುರುವಾಗಬೇಕು. ಬಲಾತ್ಕಾರಕ್ಕೆ ಒಳಗಾದವರಿಗೂ ಇದೇ ಗಡುವು.

ಮನೆಯೇ ಮೊದಲ ಪಾಠಶಾಲೆ

ಇದೆಲ್ಲ ಸೋಂಕು ಬಂದ ಮೇಲಿನ ಮಾತು. ಬರದ ಹಾಗೆ ನೋಡಿಕೊಳ್ಳೋದು ಎಲ್ಲಿ ಶುರುವಾಗಬೇಕು? ಧರ್ಮೋಪದೇಶಕಾಂಡ 6ನೇ ಅಧ್ಯಾಯದಲ್ಲಿ ದೇವರು ಹೆತ್ತವರಿಗೆ ಹೇಳೋದು ಏನು? ಮನೆಯಲ್ಲಿ ಕೂತಾಗ, ದಾರಿಯಲ್ಲಿ ನಡೆಯುವಾಗ, ಮಲಗುವಾಗ, ಏಳುವಾಗ ಮಕ್ಕಳ ಜೊತೆ ಮಾತಾಡಿ ಅಂತ. ನಮ್ಮ ಮನೆಗಳಲ್ಲಿ ಮಾರ್ಕ್ಸ್ ಬಗ್ಗೆ ಮಾತಾಡ್ತೀವಿ, ಕೆಲಸದ ಬಗ್ಗೆ ಮಾತಾಡ್ತೀವಿ. ಮೈಯ ಬಗ್ಗೆ ಮಾತು ಬಂದರೆ ಟಿವಿ ಜೋರು ಮಾಡ್ತೀವಿ. ನಾವು ಬಿಟ್ಟ ಪಾಠವನ್ನು ಮೊಬೈಲ್ ಕಲಿಸುತ್ತೆ, ಕೊಳಕಾಗಿ ಕಲಿಸುತ್ತೆ.

ನಿಮ್ಮಲ್ಲಿ ಎಷ್ಟೋ ಮಂದಿ ನಾಳೆ ಅಪ್ಪ ಅಮ್ಮ ಆಗುವವರು. ಇವತ್ತು ತಮ್ಮ ತಂಗಿ ಇರುವವರು. ಚಿಕ್ಕ ಮಕ್ಕಳಿಗೆ ಒಳ್ಳೆಯ ಸ್ಪರ್ಶ, ಕೆಟ್ಟ ಸ್ಪರ್ಶ ಹೇಳಿಕೊಡಿ, 1098 ಮಕ್ಕಳ ಸಹಾಯವಾಣಿ ಬಾಯಿಪಾಠ ಮಾಡಿಸಿ. ಹತ್ತು ಹನ್ನೆರಡರ ಹೊತ್ತಿಗೆ ಮೈಯ ಬದಲಾವಣೆ ಬಗ್ಗೆ ಹೇಳಿ, ಅದು ನಾಚಿಕೆಯಲ್ಲ, ದೇವರ ಕೆಲಸ. ಹದಿನೈದರ ಮೇಲೆ ಆಕರ್ಷಣೆ, ಮದುವೆ, ಎಚ್‌ಐವಿ ಎಲ್ಲವನ್ನೂ ಹೆಸರಿಟ್ಟು ಮಾತಾಡಿ. ಗಂಡುಮಕ್ಕಳಿಗೆ ವಿಶೇಷವಾಗಿ. ಪರಿಶುದ್ಧತೆ ಅಂದ ಕೂಡಲೇ ಹೆಣ್ಣುಮಕ್ಕಳ ದುಪಟ್ಟಾ ಸರಿಮಾಡಿಸುವ ಜನ ನಾವು. ಆದರೆ ಊರಲ್ಲಿ ಮನೆ ಬಿಟ್ಟು ಹೊರಗೆ ಹೋಗದ ಎಷ್ಟೋ ಹೆಂಡಂದಿರಿಗೆ ಈ ಸೋಂಕು ಬಂದಿದ್ದು ತಾಳಿ ಕಟ್ಟಿದ ಗಂಡನಿಂದ. ಅವರು ಮಾಡಿದ ಪಾಪ ಏನು?

ಯೌವನಸ್ಥರೇ, ನಿಮ್ಮ ದೇಹ ಪರಿಶುದ್ಧಾತ್ಮನ ಆಲಯ ಅಂತ ಪೌಲನು ಹೇಳಿದ್ದು ಕೊರಿಂಥದಂಥ ಊರಿಗೆ. ಹಡಗು, ವ್ಯಾಪಾರ, ದುಡ್ಡು, ಪರದೇಶಿಗಳು ತುಂಬಿದ ಊರು. ನಮ್ಮ ಹಾಗೇ. ಮದುವೆಯ ತನಕ ಕಾಯೋದು, ಮದುವೆಯಲ್ಲಿ ನಂಬಿಗಸ್ತರಾಗಿರೋದು ಹಳೇ ಕಾಲದ ಮಾತಲ್ಲ. ನಿಮ್ಮನ್ನೂ ಇನ್ನೂ ಹುಟ್ಟದ ನಿಮ್ಮ ಮಕ್ಕಳನ್ನೂ ಕಾಯುವ ಬೇಲಿ. ಮದುವೆ ಗೊತ್ತಾದ ಮೇಲೆ ಹುಡುಗ ಹುಡುಗಿ ಇಬ್ಬರೂ ಸ್ವಂತ ಮನಸ್ಸಿನಿಂದ ಜೊತೆಯಾಗಿ ಹೋಗಿ ಪರೀಕ್ಷೆ ಮಾಡಿಸಿಕೊಳ್ಳಿ. ಇದು ಸಂಶಯ ಅಲ್ಲ, ಪ್ರೀತಿ. ಬಲವಂತ ಮಾತ್ರ ಯಾರೂ ಮಾಡಬಾರದು. ಗಂಡ ಹೆಂಡತಿಯಲ್ಲಿ ಒಬ್ಬರಿಗೆ ಸೋಂಕಿದ್ದು ಡಾಕ್ಟರ್ ಕಾಂಡೋಮ್ ಬಳಸಿ ಅಂದರೆ ಬಳಸಿ. ಸಂಗಾತಿಯ ಪ್ರಾಣ ಕಾಯೋದು ಪಾಪ ಅಲ್ಲ. ಬಸುರಿಯಾದ ಪ್ರತಿ ತಾಯಿಯೂ ಮೊದಲ ತಿಂಗಳುಗಳಲ್ಲೇ ಪರೀಕ್ಷೆ ಮಾಡಿಸಿಕೊಳ್ಳಲಿ. ಚಿಕಿತ್ಸೆ ಇಲ್ಲದಿದ್ದರೆ ಮಗುವಿಗೆ ಸೋಂಕು ಹೋಗುವ ಸಂಭವ ನೂರಕ್ಕೆ 15ರಿಂದ 45. ಸರಿಯಾದ ಚಿಕಿತ್ಸೆ ಇದ್ದರೆ ನೂರಕ್ಕೆ 5ಕ್ಕಿಂತ ಕಡಿಮೆ. ಒಂದು ಪರೀಕ್ಷೆ, ದಿನಕ್ಕೊಂದು ಮಾತ್ರೆ, ಒಂದು ಮಗುವಿನ ಇಡೀ ಬಾಳು.

ಇಲ್ಲಿ ಈಗಾಗಲೇ ಬಿದ್ದವರು ಇರಬಹುದು. ರಾತ್ರಿ ನಿದ್ದೆ ಬಾರದೆ 'ನನಗೆ ಬಂದಿದೆಯೇನೋ' ಅಂತ ಹೆದರಿಕೊಂಡವರು ಇರಬಹುದು. ನಿಮಗೆ ಹೇಳ್ತೀನಿ, ಆ ಕುಷ್ಠರೋಗಿಗೆ ಯೇಸು ಸ್ವಾಮಿ ಕೊಟ್ಟ ಉತ್ತರ 'ನನಗೆ ಮನಸ್ಸಿದೆ' ಅನ್ನೋದೇ. 'ಹೇಗೆ ಬಂತು, ಯಾರಿಂದ ಬಂತು' ಅಂತ ಅವರು ವಿಚಾರಣೆ ಮಾಡಲಿಲ್ಲ. ನಾವೂ ಮಾಡೋದಿಲ್ಲ. ಕರ್ತನ ಹತ್ತಿರ ಬನ್ನಿ, ನಾಳೆ ಬೆಳಿಗ್ಗೆ ಪರೀಕ್ಷೆಗೂ ಹೋಗಿ. ಎರಡೂ ಒಂದೇ ದಾರಿ.

ಎಲ್ಲರೂ ಕಣ್ಣು ಮುಚ್ಚೋಣ, ಪ್ರಾರ್ಥಿಸೋಣ.

ಕರುಣೆಯುಳ್ಳ ತಂದೆಯೇ, ಯಾರೂ ಮುಟ್ಟದವನನ್ನು ಮುಟ್ಟಿದ ನಿನ್ನ ಮಗನ ಕೈ ನಮ್ಮ ಕೈಯಾಗಲಿ. ಒಬ್ಬರ ಗುಟ್ಟನ್ನು ಕಾಯುವ ಬಾಯಿ ನಮಗೆ ಕೊಡು. ಮಾತ್ರೆ ನುಂಗಿ ನುಂಗಿ ಬೇಸತ್ತಿರುವ ಅಕ್ಕನನ್ನು, ಅಣ್ಣನನ್ನು ಇವತ್ತು ಬಲಪಡಿಸು. ಪರೀಕ್ಷೆಗೆ ಹೆದರಿರುವ ತಮ್ಮನ, ತಂಗಿಯ ಜೊತೆ ನೀನೇ ನಡೆ. ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿಯ ಒಂದೊಂದು ಮನೆಯಲ್ಲೂ ಹೆತ್ತವರು ಮಕ್ಕಳು ಮನಸ್ಸು ಬಿಚ್ಚಿ ಮಾತಾಡುವಂತೆ ಮಾಡು. ನಮ್ಮ ಸಭೆಯ ಬಾಗಿಲ ಹೊರಗೆ ಯಾರೂ ನಿಲ್ಲದಿರಲಿ. ಯೇಸುವಿನ ನಾಮದಲ್ಲಿ ಬೇಡುತ್ತೇವೆ, ತಂದೆಯೇ. ಆಮೆನ್.